ಗೋಧಿ ಸೋಕದ ಚಾಕೊಲೇಟು

ಬೆಟ್ಟಗಳು ಇನ್ನೂ ಜಾಗ ಹುಡುಕುತ್ತಿದ್ದ ಕಾಲದಲ್ಲಿ, ಹೊಂಗಿರಿಯೆಂಬ ರಾಜ್ಯದಲ್ಲಿ ಹೇಮಾಂಗದನೆಂಬ ರಾಜಕುಮಾರನಿದ್ದ. ಊಟ ಬಿಟ್ಟಾನು, ಸಿಹಿ ಬಿಡಲಾರ. ಇದನ್ನರಿತ ಮಾಂತ್ರಿಕ ಕರಾಳಕೇತು ಸಿಂಹಾಸನದ ಆಸೆಗೆ ಅವನಿಗೆ ಮಾಟ ಹಾಕಿದ. ಗೋಧಿಯ ಕಣ ನಾಲಿಗೆಗೆ ಸೋಕಿದರೆ ಮೈ ಕಲ್ಲಾಗಬೇಕು: ಮೊದಲ ಸಲ ಪಾದ, ಎರಡನೆಯ ಸಲ ಸೊಂಟದವರೆಗೆ, ಮೂರನೆಯ ಸಲ ಎದೆ. ಗೋಧಿ ಸೋಕದ ಸಿಹಿಯನ್ನು ತನ್ನದೇ ಅಡುಗೆಮನೆಯಲ್ಲಿ ಮಾಡಿಸಿ ತಿಂದರೆ ಮಾತ್ರ ಮಾಟ ಮುರಿಯುತ್ತದೆ.

ಇಷ್ಟೇ ತಾನೆ ಎಂದುಕೊಂಡ ರಾಜಕುಮಾರ. ಅವನನ್ನು ಎತ್ತಿ ಆಡಿಸಿದ ಅಡುಗೆಯ ಚೆನ್ನಾಜಮ್ಮ ಅಕ್ಕಿಹಿಟ್ಟಿನ ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಕಳಿಸಿದಳು. ತಿಂದ. ಪಾದ ಕಲ್ಲಾಯಿತು. ಕಡಲೆಹಿಟ್ಟಿನ ಬರ್ಫಿ ಕಳಿಸಿದಳು. ತಿಂದ. ಸೊಂಟದವರೆಗೆ ಕಲ್ಲಾಯಿತು.

ಕರಾಳಕೇತು ಕಾಗೆಯಾಗಿ ಕಿಟಕಿಯಲ್ಲಿ ಕೂತು, ಇನ್ನೊಂದೇ ತುತ್ತು ಬಾಕಿ, ಸಾವಕಾಶ ತಿನ್ನಿ ಎಂದು ಅಣಕಿಸಿದ.

ಆಗ ಅರಮನೆಯ ಮಾತಾಡುವ ಹದ್ದು ಏಳು ಕಡಲಾಚೆ ಹಾರಿ, ಹಿಟ್ಟೇ ಬೇಡದ ಸಿಹಿಗೆಂದು ಚಾಕೊಲೇಟು ಮರದ ಬೀಜ ತಂದಿತು. ಹುರಿಯುವ ಘಮ ಮಹಡಿಗೇರಿತು. ರಾಜಕುಮಾರನಿಗೆ ಕೂತಲ್ಲಿ ಕೂರಲಾಗಲಿಲ್ಲ. ಏಳೋಣವೆಂದರೆ ಕಾಲು ಕಲ್ಲು. ಮಂಚದ ಪಟ್ಟಿ ಕುಟ್ಟಿದ. ಆಯಿತೇ ನೋಡಿ ಬಾ ಎಂದು ಆಳುಗಳನ್ನು ಓಡಿಸಿದ. ಕಡೆಗೆ ತನ್ನನ್ನೇ ಹೊತ್ತು ಕೆಳಗಿಳಿಸಲು ಹೇಳಿದ. ಹೊಂಗಿರಿಯ ರಾಜಮನೆತನದವರು ಯಾರೂ ಅದುವರೆಗೆ ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ; ಆಳುಗಳ ಹೆಗಲೇರಿ ಇವನೇ ಮೊದಲು ದಾಟಿದ.

ಚೆನ್ನಾಜಮ್ಮ ತೊಳೆದ ಒರಳಲ್ಲಿ ಬೀಜ ಅರೆದು, ಬೆಲ್ಲ ಬೆರೆಸಿ ಕಾಯಿಸಿದ್ದಳು. ಸುರಿಯಲು ತಟ್ಟೆ ಎಳೆದುಕೊಂಡಳು. ಅವಳ ಕೈ ತಾನಾಗಿ ಗೂಟದ ಬಟ್ಟೆಗಂಟಿಗೆ ಹೋಗಿ, ಅದನ್ನು ತಟ್ಟೆಯ ಮೇಲೆ ಮೆಲ್ಲಗೆ ತಟ್ಟಿತು. ಬಿಳಿ ಪುಡಿ ಉದುರಿತು.

"ಅಜ್ಜೀ, ತಡಿ. ಅದೇನು?"

"ಇದಾ? ಸಿಹಿ ತಟ್ಟೆಗೆ ಅಂಟಬಾರದಲ್ಲ, ಕಂದ. ನಿಮ್ಮ ಮುತ್ತಾತನ ಕಾಲದಿಂದ ಹೀಗೇ."

"ಯಾವ ಹಿಟ್ಟು?"

ಚೆನ್ನಾಜಮ್ಮ ಗಂಟನ್ನೇ ನೋಡಿದಳು. ಸೆರಗನ್ನು ಕಣ್ಣಿಗೊತ್ತಿಕೊಂಡಳು.

"ಗೋಧಿ. ಆ ಎರಡು ತಟ್ಟೆಗೂ ನಾನೇ ಸವರಿದ್ದೆ."

"ಅಳಬೇಡ. ಕೈ ತೊಳೆದುಕೊ. ಬಾಳೆಲೆ ತರಿಸು."

ಮಹಡಿಯ ಕಾಗೆ ಹಾರಿ ಬಂದು ಅಡುಗೆಮನೆಯ ಕಿಟಕಿಯಲ್ಲಿ ಇಣುಕಿತು.

ಎಲೆಗೆ ತುಪ್ಪ ಸವರಿ ಸುರಿದಳು. ಅದು ಆರುವವರೆಗೆ ಕಾಯುವುದು ಮಾಟಕ್ಕಿಂತ ಕಷ್ಟವಾಯಿತು. ರಾಜಕುಮಾರ ಒಂದು ತುಂಡು ಮುರಿದು ಬಾಯಿಗಿಟ್ಟ. ಮೊದಲು ಕಹಿ, ಎದೆ ಧಸಕ್ಕೆಂದಿತು. ಆಮೇಲೆ ಕರಗುತ್ತ ಕರಗುತ್ತ ಸಿಹಿ. ಸೊಂಟ ಬೆಚ್ಚಗಾಯಿತು, ಮೊಣಕಾಲು ಮಡಚಿತು, ಪಾದ ನೆಲ ಒದ್ದಿತು. ಕಾಗೆ ಹಿಟ್ಟಾಗಿ ಉದುರಿತು. ಚೆನ್ನಾಜಮ್ಮ ಪೊರಕೆ ಹಿಡಿದು ಅದನ್ನು ಗುಡಿಸಿ ಹೊರಗೆ ಚೆಲ್ಲಿದಳು.

"ಹೇಗಿದೆ, ಕಂದ?"

"ಬೆಲ್ಲ ಸಾಲದು" ಎನ್ನುತ್ತ ಅವನು ಇನ್ನೊಂದು ತುಂಡಿಗೆ ಕೈ ಚಾಚಿದ.

ಅಂದಿನಿಂದ ಹೊಂಗಿರಿಯಲ್ಲಿ ಸಿಹಿಯನ್ನು ಬಾಳೆಲೆಯ ಮೇಲೇ ಸುರಿದರು. ಹೇಮಾಂಗದ ರಾಜನಾದ ಮೇಲೂ ಅಡುಗೆಮನೆಯಲ್ಲೇ ಕೂತು ತಿಂದ. ಊರೆಲ್ಲ ಬಾಯಿ ಸಿಹಿ ಮಾಡಿಕೊಂಡು ಸುಖವಾಗಿತ್ತು.