ನಲವತ್ತು ನಿಮಿಷದ ಹಾರಾಟ

ಬೆಳಿಗ್ಗೆ 9:10ಕ್ಕೆ ಠಾಣೆಗೆ ದೂರು ತಂದವನು ಒಬ್ಬ ಬಡಗಿ. ವಿಮಾನ ನಿಲ್ದಾಣದ ರಸ್ತೆ ಗುಡಿಸುತ್ತಿದ್ದ ಅವನ ಹೆಂಡತಿಗೆ ಕಾರೊಂದು ಗುದ್ದಿ ನಿಲ್ಲದೆ ಹೋಗಿತ್ತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವಳು ತೀರಿಕೊಂಡಿದ್ದಳು. ಹತ್ತು ನಿಮಿಷ ಮೊದಲು ತಂದಿದ್ದರೆ ಉಳಿಯುತ್ತಿದ್ದಳೆಂದು ವೈದ್ಯರು ಅವನೆದುರೇ ಹೇಳಿಬಿಟ್ಟಿದ್ದರು. ಕೆಲವು ಮಾತನ್ನು ಆಡದಿದ್ದರೆ ಯಾರ ಗಂಟೂ ಹೋಗುವುದಿಲ್ಲ.

“ಅವನನ್ನ ಹಿಡೀರಿ ಸಾರ್. ಬೇರೇನೂ ಬೇಡ,” ಎಂದ ಬಡಗಿ.

ಎಫ್‌ಐಆರ್ ಆಯಿತು. ಎರಡು ಪಾಳಿ ಬೆನ್ನುಬೆನ್ನಿಗೆ ಮಾಡಿದ್ದ ಇನ್‌ಸ್ಪೆಕ್ಟರ್ ಸ್ಥಳ ಪಂಚನಾಮೆಗೆ ಹೊರಟರು. ಸಿಕ್ಕಿದ್ದು ಹೆಡ್‌ಲೈಟಿನ ಚೂರುಗಳು, ಮುರಿದ ಪೊರಕೆ. 7:38ಕ್ಕೆ ಗುಡಿಸುವವರ ಮೇಸ್ತ್ರಿಯ ಫೋನಿಗೆ ಅವಳು ಉತ್ತರಿಸಿದ್ದಳು; 7:50ಕ್ಕೆ ಬಸ್ ಚಾಲಕನೊಬ್ಬ ಬಿದ್ದಿದ್ದವಳನ್ನು ಕಂಡು ಆಂಬುಲೆನ್ಸ್ ಕರೆದಿದ್ದ. ಗುದ್ದಿದ್ದು ಆ ಹನ್ನೆರಡು ನಿಮಿಷದೊಳಗೆ. ರಸ್ತೆಯ ಕ್ಯಾಮೆರಾ ಹೆಸರಿಗಷ್ಟೇ ಇತ್ತು.

ಮೂರನೆಯ ದಿನ ಗ್ಯಾರೇಜೊಂದರಲ್ಲಿ ಆ ಚೂರುಗಳಿಗೆ ಹೊಂದುವ ಕಾರು ಸಿಕ್ಕಿತು. ಮಾಲೀಕ ಪೈಲಟ್. ಕಂಬಕ್ಕೆ ತಾಗಿತು ಎಂದ. ಅವತ್ತು ತಾನು ಹಾರಿಸಿದ ವಿಮಾನದ ವೇಳಾಪಟ್ಟಿಯನ್ನೂ ತೋರಿಸಿದ: ಬೇರೆ ಊರಿಂದ ಹೊರಡುವುದು 6:25, ಇಲ್ಲಿಗೆ ತಲುಪುವುದು 7:55.

“ಆ ಹೊತ್ತಲ್ಲಿ ನಾನು ಆಕಾಶದಲ್ಲಿದ್ದೆ. ರಸ್ತೇಲಿ ಹೇಗಿರ್ತೀನಿ?”

ಇನ್‌ಸ್ಪೆಕ್ಟರ್‌ಗೆ ಕಡತ ಮುಚ್ಚಿ ಮಲಗಿದರೆ ಸಾಕಾಗಿತ್ತು. ಬಿಡದವರು ಹೆಡ್ ಕಾನ್‌ಸ್ಟೆಬಲ್. ಎಲ್ಲದಕ್ಕೂ ಲೆಕ್ಕ ಕೇಳುತ್ತಿದ್ದುದರಿಂದ ಠಾಣೆಯಲ್ಲಿ ಅವರಿಗೆ ಮೇಷ್ಟ್ರು ಎಂದೇ ಹೆಸರು.

“ಆ ಊರಿಂದ ಇಲ್ಲಿಗೆ ವಿಮಾನದ ದಾರಿ ಎಷ್ಟು ದೂರ ಸಾರ್?”

“ನಾನೂರು ಕಿಲೋಮೀಟರ್ ಅಂತೆ.”

“ಗಂಟೆಗೆ ಆರುನೂರು ಹೋಗೋದಕ್ಕೆ ಒಂದೂವರೆ ಗಂಟೆ ಯಾಕೆ ಬೇಕು?”

ಉತ್ತರ ವಿಮಾನ ನಿಲ್ದಾಣದ ಕಚೇರಿಯಲ್ಲಿತ್ತು. ಹಾರಾಟ ನಲವತ್ತು ನಿಮಿಷದ್ದೇ ಎಂದು ಅಲ್ಲಿನ ಅಧಿಕಾರಿ ಸಂಕೋಚವಿಲ್ಲದೆ ಒಪ್ಪಿಕೊಂಡರು. ನೆಲದ ಮೇಲೆ ಓಡುವುದಕ್ಕೆ, ಸರದಿ ಕಾಯುವುದಕ್ಕೆ ಒಂದಿಷ್ಟು; ಅದರ ಮೇಲೆ ಇನ್ನೊಂದಿಷ್ಟು ಸುಮ್ಮನೆ ಸೇರಿಸುತ್ತಾರಂತೆ, ತಡವಾದರೂ ಹೊತ್ತಿಗೆ ಸರಿಯಾಗಿ ಬಂತೆಂದು ಹೇಳಿಕೊಳ್ಳಲು. ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಗುಟ್ಟು ಟಿಕೆಟ್ ಕೊಳ್ಳುವವರಿಗೆ ಮಾತ್ರ ಗೊತ್ತಿರಲಿಲ್ಲ. ಆ ದಿನದ ರಿಜಿಸ್ಟರಿನಲ್ಲಿ ಬರೆದಿತ್ತು: ನೆಲ ಮುಟ್ಟಿದ್ದು 7:12, ಎಂಜಿನ್ ನಿಂತಿದ್ದು 7:19.

ಸಂಜೆ 4:30ಕ್ಕೆ ಅದರ ನಕಲನ್ನು ಮೇಜಿನ ಮೇಲಿಟ್ಟಾಗ ಪೈಲಟ್ ವಾದಿಸಲಿಲ್ಲ. ಹತ್ತು ದಿನಗಳಿಂದ ರಜೆಯಿಲ್ಲ, ಮನೆಯಲ್ಲಿ ಎಳೆಗೂಸು. ಅಪಘಾತದ ಹಿಂದಿನ ಮೂರು ದಿನ ಸೇರಿಸಿದರೂ ಎಂಟು ಗಂಟೆ ನಿದ್ದೆಯಾಗಿರಲಿಲ್ಲ. ದಣಿದಿದ್ದೇನೆ ಎಂದು ಬರೆದುಕೊಟ್ಟವರನ್ನು ಕಂಪನಿ ಮೂಲೆಗೆ ಹಾಕುತ್ತಿತ್ತು, ಅದಕ್ಕೆ ಅವನು ಬರೆದುಕೊಟ್ಟಿರಲಿಲ್ಲ. ಸ್ಟೀರಿಂಗ್ ಹಿಡಿದೇ ತೂಕಡಿಸಿದ್ದ.

“ಗುದ್ದಿದಾಗ ಎಚ್ಚರ ಆಯ್ತಲ್ಲ. ಆಮೇಲೆ?” ಎಂದು ಇನ್‌ಸ್ಪೆಕ್ಟರ್ ಕೇಳಿದರು.

“ಕನ್ನಡೀಲಿ ಕಂಡ್ರು. ಕೈ ಎತ್ತಿದ್ರು.”

“ಯಾಕೆ ನಿಲ್ಲಿಸಲಿಲ್ಲ?”

ಪೈಲಟ್ ಕಣ್ಣುಜ್ಜಿಕೊಂಡ. “ನಿಲ್ಲಿಸಿದ್ರೆ ಇನ್ನೂ ಎಷ್ಟು ಹೊತ್ತು ಎಚ್ಚರ ಇರಬೇಕಾಗುತ್ತೋ ಅನ್ನಿಸ್ತು ಸಾರ್. ಅಷ್ಟೇ ಅನ್ನಿಸಿದ್ದು.”

ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿದರು. ಇನ್‌ಸ್ಪೆಕ್ಟರ್‌ಗೆ ಸಿಟ್ಟು ಬರಬೇಕಿತ್ತು, ಬಂತು ಕೂಡ. ಅದಕ್ಕಿಂತ ಹೆಚ್ಚಾಗಿ ಭಯವಾಯಿತು, ಏಕೆಂದರೆ ಆ ಮಾತು ಅವರಿಗೆ ಅರ್ಥವಾಗಿತ್ತು. 5:05ಕ್ಕೆ ದಸ್ತಗಿರಿ ದಾಖಲಾಯಿತು.

ಸುದ್ದಿ ತಿಳಿದು ಬಡಗಿ ಬಂದಾಗ ಪೈಲಟ್ ಲಾಕಪ್ಪಿನ ಗೋಡೆಗೊರಗಿ ನಿದ್ದೆ ಹೋಗಿದ್ದ. ಎಬ್ಬಿಸಲೇ ಎಂದು ಮೇಷ್ಟ್ರು ಕೇಳಿದರು. ಬಡಗಿ ಬೇಡವೆಂದ. ಹೆಂಡತಿ ಹೋದಾಗಿನಿಂದ ಕಣ್ಣು ಮುಚ್ಚಿರದ ಅವನು ಸರಳು ಹಿಡಿದು ನೋಡುತ್ತಲೇ ನಿಂತ.

“ಇವನಿಗೆ ನಿದ್ದೆ ಬರುತ್ತಲ್ಲ ಸಾರ್,” ಎಂದ.