ಬೋರಲು ಮಲಗಿದ ಮಗಳು

"ಮುಟ್ಟಬೇಡ!"

ಮಗಳನ್ನು ಮೊದಲ ಸಲ ನೋಡಲು ಬಂದವಳ ಕೈಯನ್ನು ಗಂಡ ಹಿಡಿದು ಹಿಂದಕ್ಕೆಳೆದ.

ಗಾಜಿನ ಪೆಟ್ಟಿಗೆಯೊಳಗೆ ಮಗು ಬೋರಲು ಮಲಗಿತ್ತು. ಕಂಡದ್ದು ಪುಟ್ಟ ಬೆನ್ನು, ಕಿವಿ ಇರಬೇಕಾದ ಕಡೆ ಒಂದು ಚರ್ಮದ ಮಡಿಕೆ. ಅಷ್ಟೇ.

"ಮುಖ ನೋಡ್ಬೇಕು ರೀ. ಒಂಚೂರು ತಿರುಗಿಸ್ತೀನಿ."

"ಬೇಡ ಅಂದ್ನಲ್ಲ."

ಹೆರಿಗೆಯಾದಾಗಿಂದ ಇದೇ ಕಥೆ. ಫೋಟೋ ಕೇಳಿದರೆ, "ಒಳಗೆ ಫೋನ್ ಬಿಡಲ್ಲ" ಅಂದಿದ್ದ. ಹೊರಟು ನಿಂತಿದ್ದ ಅತ್ತೆಯನ್ನೂ ಬರಬೇಡ ಅಂದಿದ್ದ.

ಓ... ಮುಚ್ಚಿಡ್ತಿದ್ದಾನೆ. ನಾಚಿಕೆ ಇವನಿಗೆ.

"ಮಗಳು ಅಂತ ಹೇಳ್ಕೊಳ್ಳೋಕೆ ಮನಸ್ಸಿಲ್ಲದಿದ್ರೆ ಹೇಳಿಬಿಡಿ. ಅವಳನ್ನ ಕರ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ. ನಿಮ್ಮ ಗ್ಯಾರೇಜು, ನಿಮ್ಮ ಮರ್ಯಾದೆ ನಿಮಗಿರಲಿ."

ಅವನು ಉಗುರಿನ ಸಂದಿಯ ಗ್ರೀಸ್ ತಿಕ್ಕುತ್ತ ನಿಂತ.

ಉತ್ತರ ಕೊಟ್ಟವರು ಅಷ್ಟರಲ್ಲಿ ಒಳಬಂದ ಡಾಕ್ಟರಮ್ಮ.

"ತಿರುಗಿಸಿದ್ರೆ ಉಸಿರು ನಿಲ್ಲುತ್ತಮ್ಮ. ಕೆಳದವಡೆ ಬೆಳೆದಿಲ್ಲ. ಅಂಗಾತ ಮಲಗಿಸಿದ್ರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತೆ. ಹುಟ್ಟಿದ ಕೂಡಲೇ ನೀಲಿಗಟ್ಟಿದ್ಳು. ಇವರು ಎದುರಿಗೇ ಇದ್ರು."

ಅವರು ಗಂಡ ಹೆಂಡತಿ ಇಬ್ಬರ ಕಣ್ಣು, ಕೆನ್ನೆ, ಕಿವಿಗಳನ್ನೂ ಹತ್ತಿರದಿಂದ ನೋಡಿದರು.

"ನಿಮ್ಮಿಬ್ಬರ ಮುಖದಲ್ಲೂ ಇದರ ಗುರುತಿಲ್ಲ. ಜೀನ್‌ನಲ್ಲಿ ಹೊಸದಾಗಿ ಆಗಿರೋ ಬದಲಾವಣೆ ಇರಬಹುದು, ರಕ್ತಪರೀಕ್ಷೆ ಹೇಳುತ್ತೆ. ಯಾರ ತಪ್ಪೂ ಅಲ್ಲ. ನಾಳೆ ಕತ್ತಿನಲ್ಲಿ ತೂತು ಮಾಡಿ ಉಸಿರಿನ ಕೊಳವೆ ಹಾಕ್ತೀವಿ. ಬದುಕ್ತಾಳೆ ಅಂತ ಮಾತು ಕೊಡೋಕಾಗಲ್ಲ."

ಅವರು ಹೋದ ಮೇಲೆ ಅವಳು ಕೇಳಿದಳು, "ನಂಗ್ಯಾಕೆ ಹೇಳ್ಲಿಲ್ಲ?"

"ಹೊಲಿಗೆ ಹಾಕಿಸ್ಕೊಂಡು ಮಲಗಿದ್ದೆ ನೀನು. ಉಸಿರು ನಿಂತಿತ್ತು ಅಂತ ಹೇಗೆ ಹೇಳ್ಲಿ?" ಅವನು ಗಾಜಿನ ಪೆಟ್ಟಿಗೆಯತ್ತ ತಿರುಗಿದ. "ಮುಖ... ನಾನೂ ಸರಿಯಾಗಿ ನೋಡಿಲ್ಲ. ಆ ನೀಲಿ ಒಂದೇ ನೆನಪಿರೋದು."

"ನಾಳೆ ಆಪರೇಷನ್‌ಗೆ ಕರ್ಕೊಂಡು ಹೋಗೋ ಮುಂಚೆ ನಾನು ನೋಡ್ಲೇಬೇಕು."

ಹೊಲಿಗೆಯಿಂದಾಗಿ ಅವಳಿಗೆ ಬಗ್ಗಲು ಆಗದು. ಅವನು ಯೋಚಿಸಿದ. ನರ್ಸನ್ನು ಕೇಳಿಕೊಂಡು ಬಂದು, ಪಕ್ಕದ ಮಂಚ ತೋರಿಸಿದ.

"ಅಂಗಾತ ಮಲಕ್ಕೋ. ದಿನಾ ಗಾಡಿ ಕೆಳಗೆ ಮಲಗಿ ಮೇಲೆ ನೋಡೋನು ನಾನು. ಇಷ್ಟು ಹೊಳೀಲಿಲ್ಲ ನೋಡು."

"ಕೈ ನಡುಗಬಾರದು," ಅಂದು ನರ್ಸ್ ಆಕ್ಸಿಜನ್ ಕೊಳವೆ ಹಿಡಿದಳು.

ಅವನು ಮಗಳನ್ನು ಬೋರಲಾಗಿಯೇ ಎತ್ತಿ, ಹೆಂಡತಿಯ ಮುಖದ ನೇರಕ್ಕೆ ಹಿಡಿದ.

ಕೆಳಕ್ಕಿಳಿದ ಕಣ್ಣಂಚು. ತಗ್ಗಿದ ಕೆನ್ನೆ. ಇಲ್ಲವೇ ಇಲ್ಲ ಅನ್ನುವಷ್ಟು ಸಣ್ಣ ಗದ್ದ. ಚೆಂದ ಅಂತ ಯಾರೂ ಹೇಳಲಾರರು...

ಜೊಲ್ಲಿನ ಹನಿಯೊಂದು ಅವಳ ತುಟಿಯ ಮೇಲೆ ಬಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ಹೇಗಿದಾಳೆ?" ಮೇಲಿನಿಂದ ಮಗಳ ಬೆನ್ನನ್ನಷ್ಟೇ ನೋಡುತ್ತಿದ್ದ ಅವನು ಕೇಳಿದ.

"ನನ್ನೇ ನೋಡ್ತಿದಾಳೆ. ಕೈ ನೋಯ್ತಿದೆಯಾ?"

"ಹೂಂ."

"ಇನ್ನೊಂಚೂರು ಹಿಡ್ಕೊಳ್ಳಿ. ಆಮೇಲೆ ನೀವು ಮಲಗಿ... ನಾನು ಹಿಡೀತೀನಿ."