ಅಡ್ಡ ನಿಲ್ಲುವವರು

ಸರಸಮ್ಮನಿಗೆ ಮೊದಲು ಕಂಡದ್ದು ಚಪ್ಪಲಿ. ಒಂದೇ ಒಂದು, ಬದುವಿನ ಮೇಲೆ. ಆಮೇಲೆ ಹಿಪ್ಪುನೇರಳೆ ಸಾಲಿನ ನಡುವೆ ಕಾಲು ಕಂಡಿತು.

ಬೆಳಗಿನ ಸೊಪ್ಪು ಕುಯ್ಯಲು ತನಗಿಂತ ಮುಂಚೆ ಎದ್ದುಹೋದ ಹುಡುಗ ಇಲ್ಲೇ ಮಲಗಿಬಿಟ್ಟನಲ್ಲ ಅಂತ ಬೈದುಕೊಂಡೇ ಅವಳು ಹತ್ತಿರ ಹೋದಳು. ಬೈಗುಳ ಬಾಯಲ್ಲೇ ನಿಂತಿತು. ಹುಡುಗನ ಹೊಟ್ಟೆಯ ಕೆಳಗೆ ಮಣ್ಣು ಕಪ್ಪಾಗಿತ್ತು. ಪಕ್ಕದಲ್ಲಿ ಕುಡುಗೋಲು ಬಿದ್ದಿತ್ತು.

ಅಕ್ಕೂರಿಗೆ ಪಿಎಸ್ಐ ಲತಾಮಣಿ ಬಂದಾಗ ಬಿಸಿಲು ಏರಿತ್ತು. ಮಾಗಡಿ ಕಡೆಯ ಹೆಣ್ಣುಮಗಳು. ಯಾರ ಜೊತೆಗಾದರೂ ಎರಡು ಮಾತಾಡಿದರೆ ನೆಂಟರಾಗಿಬಿಡುವ ಪೈಕಿ. ಅವತ್ತು ಮಾತ್ರ ಮಾತು ಕಡಿಮೆಯಿತ್ತು.

"ಯಾರಮ್ಮ ಇವನು?"

"ಮುತ್ತುರಾಜು ಅಂತ. ರಾಮನಗರದೋನು. ಅಲ್ಲಿನ ಬೇಗಮ್ಮ ಕಳ್ಸಿದ್ದು. ಊರಲ್ಲಿ ಜಗಳ ಐತೆ, ಒಸಿ ದಿನ ಮಡಿಕ್ಕೊಳವ್ವ ಅಂದ್ಲು. ರೇಷ್ಮೆ ಗೂಡು ತಕ್ಕೊಂಡು ಮಾರ್ಕೆಟ್ಟಿಗೆ ಹೋದಾಗೆಲ್ಲಾ ಅವಳ ಮನೇಲೇ ನಾನು ಕಾಫಿ ಕುಡಿಯೋದು. ಇಲ್ಲ ಅನ್ನಕ್ಕಾಯ್ತದಾ?"

"ಇವನು ಇಲ್ಲಿರೋದು ಯಾರಿಗೆ ಗೊತ್ತಿತ್ತು?"

"ನಂಗೆ, ಅವಳಿಗೆ. ಊರೋರಿಗೆ ನನ್ ತಂಗಿ ಮಗ ಅಂದಿದ್ದೆ."

"ಈ ಕುಡ್ಲು?"

"ನಮ್ದೇಯ. ನಾನೇ ಅವನ ಕೈಗೆ ಕೊಟ್ಟಿದ್ದು ಕಣವ್ವ." ಅಲ್ಲಿಯವರೆಗೂ ಗಟ್ಟಿಯಾಗಿದ್ದ ಸರಸಮ್ಮ ಆಗ ಸೆರಗು ಬಾಯಿಗೆ ತುರುಕಿಕೊಂಡಳು.

ಲತಾಮಣಿ ಕುಡುಗೋಲನ್ನು ನೋಡುತ್ತಾ ನಿಂತರು. ಕೊಲ್ಲಲೆಂದೇ ಅಷ್ಟು ದೂರದಿಂದ ಹುಡುಕಿಕೊಂಡು ಬಂದವನು ಬರಿಗೈಯಲ್ಲಿ ಬರುತ್ತಾನೆಯೇ?

*

ರಾಮನಗರದ ಆ ಮೊಹಲ್ಲಾದಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ಅಂತ ಎರಡು. ಎರಡಕ್ಕೂ ಆಗಿಬರುವುದಿಲ್ಲ. ಈ ಸಲದ ಜಗಳ ಕಬಡ್ಡಿಯಿಂದ ಶುರುವಾಗಿತ್ತು. ಮೇಲಿನ ಬೀದಿಯ ಮುತ್ತುರಾಜು ಅಂಕಣದಲ್ಲಿ ಮುಗ್ಗರಿಸಿ ಬಿದ್ದ. ಕೆಳಗಿನ ಬೀದಿಯ ಸ್ವಾಮಿ ಅದನ್ನು ಮೊಬೈಲಿನಲ್ಲಿ ಹಿಡಿದು, ಹಾಡು ಸೇರಿಸಿ ಊರಿಗೆಲ್ಲಾ ಹಂಚಿದ. ಮಾರನೆಯ ದಿನ ಸ್ವಾಮಿಯ ಬೈಕು ಪುಡಿಯಾಯಿತು. ಅದರ ಮಾರನೆಯ ದಿನ ಎರಡೂ ಕಡೆ ಮಚ್ಚು ಮಸೆಯುವ ಮಾತು ಕೇಳಿಬಂತು.

ಇಂಥ ಹೊತ್ತಿನಲ್ಲಿ ನಡುವೆ ಹೋಗಿ ನಿಲ್ಲುತ್ತಿದ್ದವರು ಇಬ್ಬರು. ನೂಲು ತೆಗೆಯುವ ಅಕ್ಬರಿ ಬೇಗಂ ಮೇಲಿನ ಬೀದಿಗೆ; ಬಸ್ಸಿನಲ್ಲಿ ಕಂಡಕ್ಟರ್ ಆಗಿ ರಿಟೈರಾದ ಲಕ್ಷ್ಮಯ್ಯ ಕೆಳಗಿನ ಬೀದಿಗೆ. ಜನ ಅವರನ್ನು ಅಡ್ಡ ನಿಲ್ಲೋರು ಅಂತಲೇ ಕರೆಯುತ್ತಿದ್ದರು. ಕಾವೇರಿದ ಹುಡುಗನನ್ನು ಊರು ಬಿಡಿಸಿ ಎಲ್ಲೋ ನಂಬಿಕೆಯ ಮನೆಯಲ್ಲಿ ಬಚ್ಚಿಡುವುದು, ಬಿಸಿ ಆರಿದ ಮೇಲೆ ಕರೆತಂದು ಕೈ ಕುಲುಕಿಸುವುದು: ಇದು ಅವರ ಪದ್ಧತಿ. ಎಷ್ಟೋ ತಾಯಂದಿರು ಅದರಿಂದ ನಿದ್ದೆ ಮಾಡಿದ್ದರು.

ಈಗ ಬೇಗಂ ಬಾಗಿಲ ಮುಂದೆ ಜನ ಸೇರಿತ್ತು. ಮುತ್ತುರಾಜುವಿನ ಅಣ್ಣ ಅನಂತರಾಜು ಹೊಸ್ತಿಲ ಮೇಲೇ ನಿಂತಿದ್ದ.

"ನಿನ್ನ ನಂಬಿ ಕೊಟ್ನಲ್ಲಮ್ಮೋ ನನ್ ತಮ್ಮನ್ನ! ಯಾರಿಗೆ ಬಾಯಿ ಬುಟ್ಟೆ?"

"ಯಾರಿಗೂ ಇಲ್ಲ ಬೇಟಾ. ಅಲ್ಲಾನ ಆಣೆ."

"ಮತ್ತೆ ಕೆಳಗ್ಲೋರಿಗೆ ಕನಸು ಬಿತ್ತಾ? ಮೇಡಮ್ಮೋರೆ, ಹೊತ್ತು ಮುಳುಗೋದ್ರೊಳ್ಗೆ ಇವಳು ಹೆಸ್ರು ಹೇಳ್ಬೇಕು. ಇಲ್ದಿದ್ರೆ ಈ ಬಾಗ್ಲೂ ಇರಲ್ಲ, ಕೆಳಗಿನ ಬೀದೀನೂ ಇರಲ್ಲ."

ಲತಾಮಣಿ ಅವನನ್ನು ಹೊರಗೆ ಕಳಿಸಿ ಚಾಪೆಯ ಮೇಲೆ ಕೂತರು. ಲಕ್ಷ್ಮಯ್ಯ ಆಗಲೇ ಅಲ್ಲಿ ಗೋಡೆಗೆ ಒರಗಿ ಕೂತಿದ್ದರು. ಬೇಗಂ ಅಕ್ಕಿ ಡಬ್ಬದೊಳಗೆ ಕೈ ಹಾಕಿ ಸ್ವಿಚ್ ಆಫ್ ಆಗಿದ್ದ ಮೊಬೈಲು ತೆಗೆದಳು.

"ಮುತ್ತೂದು. ನಾನೇ ಇಸ್ಕೊಂಡಿದ್ದೆ. ಹುಡುಗ್ರು ಫೋನಿಂದಲೇ ಅಲ್ವಾ ಸಿಕ್ಕಾಕೊಳ್ಳೋದು."

"ಲಕ್ಷ್ಮಯ್ಯನೋರಿಗೂ ಜಾಗ ಹೇಳಿರಲಿಲ್ವಾ?"

"ಇಲ್ಲ. ಅದು ನಾವೇ ಮಾಡ್ಕೊಂಡ ಕಟ್ಟಲೆ. ಹಿಂದೊಂದು ಸಲ ಯಾರ ಬಾಯಿಂದಲೋ ಜಾಗ ಹೊರಗೆ ಬಿತ್ತು. ಹುಡುಗನ ಕಾಲು ಮುರಿದಾಕಿದ್ರು. ಆವತ್ತಿಂದ ಬಚ್ಚಿಟ್ಟೋರಿಗೆ ಬಿಟ್ರೆ ಇನ್ನೊಬ್ಬರಿಗೆ ಗೊತ್ತಾಗಬಾರ್ದು. ನಾನು ಇವರನ್ನ ಕೇಳಲ್ಲ, ಇವರು ನನ್ನ ಕೇಳಲ್ಲ."

"ಸ್ವಾಮಿ ಎಲ್ಲಿದ್ದಾನೆ, ಲಕ್ಷ್ಮಯ್ಯನೋರೆ?"

"ಬಿಡದಿ ಕಡೆ," ಅಂದರು ಮುದುಕರು. "ಫ್ಯಾಕ್ಟರಿ ಕ್ಯಾಂಟೀನಿಗೆ ಹಾಕಿವ್ನಿ. ಅಲ್ಲೇ ರೂಮು."

"ಯಾವ ಫ್ಯಾಕ್ಟರಿ?"

"ಅದೇ... ಒಳಗಡೆ ಬರ್ತದೆ. ಹೆಸರು ನಾಲಿಗೆ ಮೇಲೇ ಐತೆ."

ಬೇಗಂ ಕೊಟ್ಟ ಚಹಾ ಅವರ ಮುಂದೆ ಕೆನೆ ಕಟ್ಟಿತು. ಹೊರಗಿಂದ ಯಾರೋ ಬೇಗಂಗೆ ಕೆಟ್ಟ ಮಾತು ಅಂದರು. ಲಕ್ಷ್ಮಯ್ಯ ತಲೆ ಎತ್ತಲಿಲ್ಲ.

*

ಬಿಡದಿಯಿಂದ ಕಾನ್‌ಸ್ಟೇಬಲ್ ಫೋನು ಬಂದಾಗ ಲತಾಮಣಿ ಮತ್ತೆ ಅಕ್ಕೂರಿನ ದಾರಿಯಲ್ಲಿದ್ದರು. ಸ್ವಾಮಿ ಅನ್ನುವ ಆ ಹುಡುಗ ಯಾವ ಕ್ಯಾಂಟೀನಿನಲ್ಲೂ ಇಲ್ಲ. ಅನುಮಾನವೇನೋ ಅವನ ಮೇಲೆ ನಿಂತಿತು. ಆದರೆ ಅವನಿಗೆ ಜಾಗ ಹೇಳಿದವರು ಯಾರು? ಅದಕ್ಕೆ ಉತ್ತರ ಸಿಗದಿದ್ದರೆ ಬೇಗಂ ಉಳಿಯುವುದಿಲ್ಲ.

ಸರಸಮ್ಮನ ತೋಟಕ್ಕೆ ಹೊಂದಿಕೊಂಡದ್ದು ಹನುಮಂತಯ್ಯನ ತೋಟ. ಅವನ ಹುಳದ ಮನೆಯ ಪಕ್ಕದ ತಿಪ್ಪೆಯಲ್ಲಿ ರಾಶಿ ಹುಳ ಬಿದ್ದಿತ್ತು. ಚೆನ್ನಾಗಿ ಬೆಳೆದ ಹುಳ. ಬಾಯಿಂದ ಹಸಿರು ನೀರು ಕಾರಿಕೊಂಡು ಸುರುಟಿಕೊಂಡಿದ್ದವು.

"ಏನಾಯ್ತು ಯಜಮಾನ್ರೆ? ನಾಕನೇ ಜ್ವರ ಎದ್ದು ಕೊನೇ ಪೊರೆ ಬಿಟ್ಟ ಹುಳ ಇದ್ದಂಗವೆ."

"ಹೂಂ ಕಣವ್ವ. ಇನ್ನೇನು ಗೂಡು ಕಟ್ಟೋವು. ಮೊನ್ನೆ ಬೆಳಿಗ್ಗೆ ನೋಡ್ತೀನಿ, ಕಿಟಕಿ ಕಡೇವೆಲ್ಲಾ ಒದ್ದಾಡ್ತಾವೆ. ಯಾವಳ ಕಣ್ಣು ಬಿತ್ತೋ."

ಲತಾಮಣಿ ಕಿಟಕಿಯ ಬಳಿ ಹೋದರು. ತೆಂಗಿನ ಚಿಪ್ಪಿನಲ್ಲಿ ಬೂದಿ ಇತ್ತು. ಉದುರಿದ್ದರೂ ಸುರುಳಿಯ ಆಕಾರ ಹೋಗಿರಲಿಲ್ಲ. ಸೊಳ್ಳೆಬತ್ತಿ. ಅದರ ಹೊಗೆ ರೇಷ್ಮೆ ಹುಳಕ್ಕೆ ವಿಷ. ಲತಾಮಣಿಯ ತಾಯಿ ಹುಳ ಸಾಕುವಾಗ ಬೀಡಿ ಸೇದಿ ಬಂದ ಗಂಡನನ್ನೇ ಒಳಗೆ ಬಿಡುತ್ತಿರಲಿಲ್ಲ.

"ಹುಳದ ಮನೇಲಿ ಸೊಳ್ಳೆಬತ್ತಿ ಹಚ್ಚಿದ್ದು ಯಾರು?"

"ಅಯ್ಯೋ, ಯಾರೂ ಇಲ್ಲ. ಇರೋನು ನಾನೊಬ್ನೆಯ."

"ನೀವು ಹಚ್ತೀರಾ?"

"ಏ, ಸೊಳ್ಳೆ ನನ್ನ ಹೊತ್ಕೊಂಡು ಹೋದ್ರೂ..." ಅಂದವನು ಅಲ್ಲಿಗೇ ನಿಲ್ಲಿಸಿದ.

"ಹುಳದ ಗಂಧ ಗಾಳಿ ಗೊತ್ತಿಲ್ದಿರೋ ಪೇಟೆ ಹುಡುಗ ಯಾರೋ ಇಲ್ಲಿ ಮಲಗಿದ್ದ. ಇವತ್ತು ಬೆಳಿಗ್ಗೆಯಿಂದ ಕಾಣ್ತಿಲ್ಲ. ನಾನು ಹೇಳ್ತಿರೋದು ಸರಿನಾ?"

ಹನುಮಂತಯ್ಯ ಜಗಲಿ ಮೇಲೆ ಕುಸಿದು ಕೂತ. "ಹಳೇ ಸ್ನೇಹ ಕಣವ್ವ. ಇದೇ ರೂಟ್ ಬಸ್ಸಲ್ಲಿ ಕಂಡಕ್ಟ್ರಾಗಿದ್ರು. ಹುಡ್ಗ ಅಂಜವ್ನೆ, ಒಸಿ ದಿನ ಇರ್ಲಿ, ಯಾರಿಗೂ ಹೇಳ್ಬೇಡ ಅಂತ ಕೈ ಹಿಡ್ಕೊಂಡ್ರು. ನಾನು ಹೇಳ್ಳಿಲ್ಲ, ಅಷ್ಟೇಯ."

ಲತಾಮಣಿ ಅವನ ಪಕ್ಕದಲ್ಲೇ ಕೂತರು. ಒಗಟು ಬಿಡಿಸಿದ ಖುಷಿ ಬರಲಿಲ್ಲ. ಇದಕ್ಕಿಂತ ಯಾರಾದರೂ ದ್ರೋಹ ಮಾಡಿದ್ದರೇ ವಾಸಿಯಿತ್ತು ಅನ್ನಿಸಿತು.

*

ಹೊತ್ತು ಇಳಿಯುವಾಗ ಬೇಗಂ ಮನೆ ಮುಂದೆ ಜನ ಇಮ್ಮಡಿಯಾಗಿತ್ತು. ಅನಂತರಾಜುವಿನ ಕೈಗೆ ಕಬ್ಬಿಣದ ಸಲಾಕೆ ಬಂದಿತ್ತು. ಲತಾಮಣಿ ಪೊಲೀಸರನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿ, ಲಕ್ಷ್ಮಯ್ಯನವರನ್ನು ಅಲ್ಲಿಗೇ ಕರೆಸಿದರು.

"ಎಲ್ಲರೂ ಕೇಳ್ರಪ್ಪ. ಬೇಗಮ್ಮ ಯಾರಿಗೂ ಬಾಯಿ ಬಿಟ್ಟಿಲ್ಲ. ಕೊಂದೋನು ಕೊಲ್ಲೋಕೆ ಬಂದೋನಲ್ಲ, ಅವನ ಕೈಲಿ ಏನೂ ಇರಲಿಲ್ಲ. ಕುಡ್ಲು ಮುತ್ತುರಾಜೂದೇ. ಕೊಂದೋನು ಅಕ್ಕೂರಿಗೆ ಇವತ್ತು ಹೋದೋನೂ ಅಲ್ಲ. ಮುಂಚೆಯಿಂದಲೂ ಪಕ್ಕದ ತೋಟದಲ್ಲೇ ಇದ್ದ. ಬೇಗಮ್ಮ ಮುತ್ತುರಾಜನ್ನ ಬಚ್ಚಿಟ್ಟ ಊರಲ್ಲೇ ಇವರು ಸ್ವಾಮೀನ ಬಚ್ಚಿಟ್ಟಿದ್ರು. ಒಬ್ಬರಿಗೊಬ್ಬರು ಹೇಳ್ಕೊಂಡಿರಲಿಲ್ಲ. ಹೌದಾ, ಲಕ್ಷ್ಮಯ್ಯನೋರೆ?"

ಎಲ್ಲರೂ ಲಕ್ಷ್ಮಯ್ಯನವರ ಕಡೆ ತಿರುಗಿದರು.

"ಹೌದು ತಾಯಿ. ಬೆಳಿಗ್ಗೆ ಓಡ್ಬಂದ. ನಮ್ಮ ಅಟ್ಟದ ಮೇಲವ್ನೆ."

ಬೇಗಂ ಹೊಸ್ತಿಲು ದಾಟಿ ಬಂದಳು. "ಮಧ್ಯಾಹ್ನ ನನ್ ಪಕ್ಕದಲ್ಲೇ ಕೂತಿದ್ರಲ್ಲ ಅಣ್ಣ. ಇವರೆಲ್ಲಾ ನನ್ನ ಬೈಯೋವಾಗ."

"ಹುಡ್ಗ ಓಡ್ಬಂದು ಹೇಳ್ದಾಗ್ಲೇ ನನ್ ಜೀವ ಹೋಯ್ತು ಕಣವ್ವ. ಬಾಯಿ ಬಿಟ್ರೆ ಇವರು ಅಟ್ಟ ಹತ್ತೋರು. ಇನ್ನೊಂದು ಹೆಣ ಬೀಳೋದು."

"ನನ್ ಬಾಗ್ಲಲ್ಲಿ ಬಿದ್ದಿದ್ರೆ?"

ಲಕ್ಷ್ಮಯ್ಯ ಮನೆಯ ಬೀಗದ ಕೈಯನ್ನು ಲತಾಮಣಿಯ ಕೈಗಿಟ್ಟರು.

ಸ್ವಾಮಿಯನ್ನು ಕರೆತಂದರು. ಮುಂಗೈಗೆ ಹಳೆ ಪಂಚೆಯ ತುಂಡು ಸುತ್ತಿತ್ತು. ಜನ ಮುಂದಕ್ಕೆ ನುಗ್ಗಿತು. ಆಗ ಬೇಗಂ ಹೋಗಿ ಹುಡುಗನ ಒಂದು ಮಗ್ಗುಲಿಗೆ ನಿಂತಳು. ಯಾರೂ ಹೇಳಿರಲಿಲ್ಲ. ಇನ್ನೊಂದು ಮಗ್ಗುಲಿಗೆ ಲಕ್ಷ್ಮಯ್ಯ ಬಂದರು. ಅವಳು ಅವರ ಮುಖ ನೋಡಲಿಲ್ಲ. ಮೂವರೂ ಜೀಪಿನ ಕಡೆ ನಡೆದರು.

ಅನಂತರಾಜು ದಾರಿಗೆ ಅಡ್ಡ ಬಂದ. ಸಲಾಕೆ ಎತ್ತಲಿಲ್ಲ, ಕೆಳಗೂ ಹಾಕಲಿಲ್ಲ.

"ಹೇಳ್ಲಾ. ಏನಾಯ್ತು ಅಲ್ಲಿ?"

"ನೀರು ತಿರುಗ್ಸಕ್ಕೆ ಹೋಗಿದ್ದೆ ಅಣ್ಣ. ಬದು ಮೇಲೆ ನಿಂತಿದ್ದ, ಕೈಲಿ ಕುಡ್ಲು. ನಾನಿರೋ ಜಾಗ ಯಾರಿಗೂ ಗೊತ್ತಿಲ್ಲ ಅಂದಿದ್ರು. ಮತ್ತೆ ಬಂದವ್ನೆ ಅಂದ್ರೆ, ನನ್ನ ಹುಡುಕ್ಕೊಂಡೇ ಬಂದವ್ನೆ ಅಂದ್ಕೊಂಡೆ. ಓಡೋಕೆ ಕಾಲೇ ಬರ್ಲಿಲ್ಲ. ಅವನು ಕುಡ್ಲು ಎತ್ತಿದ. ಕಿತ್ಕೊಂಡ್ಬುಟ್ಟೆ."

"ಏನಾರ ಅಂದ್ನಾ ಅವ್ನು?"

ಸ್ವಾಮಿ ಅಳುತ್ತಿದ್ದ. ಮಾತು ತುಂಡು ತುಂಡಾಗಿ ಬಂತು.

"'ಇಲ್ಲಿಗೂ ಬಂದ್ಯೇನ್ಲಾ, ಬುಟ್ಬುಡ್ಲಾ ನನ್ನ' ಅಂದ ಅಣ್ಣ. ನಾನೂ ಅದನ್ನೇ ಅನ್ನಕ್ಕೆ ಬಾಯಿ ತೆಗೆದಿದ್ದೆ."

ಅನಂತರಾಜು ಸಲಾಕೆಯನ್ನು ಗೋಡೆಗೆ ಒರಗಿಸಿದ. ಆಮೇಲೆ ಜೀಪಿಗೆ ದಾರಿ ಬಿಟ್ಟ.